ಹುಡುಗಿಗೆ ಬೈಬ್ಯಾಡ್ರಿ, ಮೊದಲ ಪೇಟಿ ನೋಡ್ರಿ

ಹೋದ ಶುಕ್ರವಾರ ನಮ್ಮ ವೈನಿ ಮನ್ಯಾಗ ಅರಿಷಿಣ-ಕುಂಕುಮಕ್ಕ ಹೋಗಿದ್ದೆ. ಉಡಿ ತುಂಬೋದೆಲ್ಲಾ ಮುಗದು ಚಹಾ ಕುಡ್ಕೋತ ಕೂತಾಗ ವೈನಿ ಭಾಳ ಸಂತೋಷದಿಂದ ಹೇಳಿದ್ರು: "ಮಗಳನ್ನ ಪಿಯಾನೋ ಕ್ಲಾಸಿಗೆ ಹಾಕೇವಿ. ನಿನ್ನಿ ಒಂದು ಕೀಬೋರ್ಡ್ ಸುದ್ದಾ ಆರ್ಡರ್ ಮಾಡೇನಿ. ಬರೇ ಆರು ಸಾವಿರ! ಮುನ್ನೂರು ಟೋನ್ ಅವ, ಮೈಕ್ ಬ್ಯಾರೆ ಕೊಡ್ತಾರ." ಸುತ್ತ ಕೂತವರೆಲ್ಲಾ, "ಛಲೋ ಮಾಡಿದ್ರಿ ಬಿಡ್ರಿ. ಮೊದಲ ಸಣ್ಣದ ತಗೊಂಡು ನೋಡಬೇಕು, ಕಲತ್ರ ಆಮ್ಯಾಲೆ ದೊಡ್ಡದು" ಅಂದ್ರು. ನನಗ ಬಾಯಾಗಿನ ಚಹಾ ಗಂಟಲದಾಗ ಇಳೀಲಿಲ್ಲ. "ವೈನಿ, ಅದನ್ನ ವಾಪಸ್ ಕಳಸ್ರಿ" ಅಂದುಬಿಟ್ಟೆ.

ಶುಭಕಾರ್ಯದ ಮನ್ಯಾಗ ಹಂಗ ಅನಬಾರದಾಗಿತ್ತು, ಒಪ್ಪತೇನಿ. ವೈನಿ ಮಾರಿ ಸಣ್ಣದಾತು. ಯಾರೋ ಮಾತು ಹೊಳ್ಳಿಸಿ ಈ ಸಲದ ಉಪ್ಪಿನಕಾಯಿ ಕಡೆ ತಗೊಂಡು ಹೋದ್ರು. ನಾನೂ ಸುಮ್ಮನಾದೆ. ಆದ್ರ ಅವತ್ತ ರಾತ್ರಿ ನಿದ್ದಿ ಬರಲಿಲ್ಲ. ಯಾಕಂದ್ರ "ಮೊದಲ ಸಣ್ಣದು, ಕಲತ್ರ ದೊಡ್ಡದು" ಅನ್ನೋ ಈ ಮಾತ ನಮ್ಮ ಮನ್ಯಾಗ ಎರಡು ವರ್ಷ ತಿಂದದ. ಅದಕ್ಕ ಇವತ್ತ ಪೂರ್ತಿ ಹೇಳಿ ಮುಗಸ್ತೇನಿ. ಸಿಟ್ಟ ಬಂದ್ರ ಬರಲಿ, ಮನಿಗೆ ಬಂದು ಜಗಳಾಡ್ರಿ, ಅವಲಕ್ಕಿ ಕೊಡ್ತೇನಿ.

ನಮ್ಮ ಮಗಳಿಗೆ ಒಂಬತ್ತು ವರ್ಷ ಇದ್ದಾಗ ಗೆಳತಿ ಮನ್ಯಾಗ ಪಿಯಾನೋ ಕೇಳಿ ಬಂದು ಹಟ ಹಿಡದ್ಲು. ನಮ್ಮ ಧಾರವಾಡದಾಗ ಗಾಯನ ಕಲಿಸೋವ್ರು ಓಣಿಗೆ ಒಬ್ಬರು ಸಿಗತಾರ, ಪಿಯಾನೋ ಕಲಿಸೋವ್ರು ಹುಡುಕಬೇಕು. ಹುಡುಕಿದ್ವಿ. ಟೀಚರ್ ಮನ್ಯಾಗ ಹಳೇ ಕಟ್ಟಿಗಿ ಪಿಯಾನೋ ಇತ್ತು. "ಮನ್ಯಾಗ ಅಭ್ಯಾಸಕ್ಕ ಏನರ ಬೇಕು" ಅಂದ್ರು. ಮನ್ಯಾಗ ಸಭಾ ಸೇರಿತು. ನಮ್ಮ ಮಾವನವರು, "ಪೇಟಿ ಅದ ಅಲ್ಲ, ಅದರ ಮ್ಯಾಲ ಕಲೀಲಿ" ಅಂದ್ರು. ನಮ್ಮ ಮೈದುನ ಮೊಬೈಲಿನ್ಯಾಗ ನೋಡಿ, "ಇಲ್ಲೊಂದು ಅದ, ಏಳೂವರಿ ಸಾವಿರ, ನಾಕ್ನೂರು ಟೋನ್" ಅಂದ. ಇವರು, "ಮೊದಲ ಇದು ಇರಲಿ, ಆಕಿ ಎಷ್ಟು ದಿವಸ ಮಾಡ್ತಾಳ ನೋಡೂಣು" ಅಂದ್ರು. ನಾನೂ ಹೂಂ ಅಂದೆ. ನನ್ನ ಹೆಸರು ಬಿಟ್ಟು ಉಳದವರಿಗೆ ತಪ್ಪು ಹೊರಸಂಗಿಲ್ಲ; ರೊಕ್ಕ ಕೊಟ್ಟಾಕಿ ನಾನ.

ಪೇಟಿ ಬಂತು. 61 ಕೀ. ಒಂದು ಗುಂಡಿ ಒತ್ತಿದ್ರ ತಬಲಾ, ಇನ್ನೊಂದು ಒತ್ತಿದ್ರ ನಾಯಿ ಬೊಗಳ್ತಿತ್ತು. ಎಂಟು ದಿವಸ ಮನಿ ತುಂಬ ನಾಯಿನ. ಆಮ್ಯಾಲೆ ಅಭ್ಯಾಸ ಶುರು ಆತು. ಮನ್ಯಾಗ ಎಲ್ಲಾ ಬರೋಬ್ಬರಿ ಬರ್ತಿತ್ತು. ಟೀಚರ್ ಮನಿಗೆ ಹೋದ್ರ ಒಂದೂ ಬರ್ತಿದ್ದಿಲ್ಲ. ಕಿರುಬೆರಳು ಒತ್ತಿದ್ರ ಸಪ್ಪಳನ ಇಲ್ಲ, ಹೆಬ್ಬೆರಳು ಒತ್ತಿದ್ರ ಧಡ್ ಅಂತ ಬಡದಂಗ. "ಮನ್ಯಾಗ ಅಭ್ಯಾಸ ಮಾಡಂಗಿಲ್ಲೇನು?" ಅಂತ ಟೀಚರ್ ಕೇಳಿದಾಗೆಲ್ಲಾ ಆಕಿ ಕಣ್ಣಾಗ ನೀರು. ದಿನಾ ಅರ್ಧಾ ತಾಸು ಮಾಡೇ ಮಾಡ್ತಿದ್ಲು, ನಾನ ಸಾಕ್ಷಿ. ಆದ್ರೂ ನಾನೂ ಆಕಿಗೇ ಬೈದೆ. "ಲಕ್ಷ್ಯ ಎಲ್ಲೆ ಇರ್ತದ ನಿಂದು?" ಅಂತ. ನಮ್ಮ ಕಾಕು ಬಂದಾಗ ತೀರ್ಪು ಕೊಟ್ಟುಬಿಟ್ಟರು: "ಕೆಲವು ಹುಡುಗರ ಕೈಯಾಗ ಸಂಗೀತ ಇರಂಗಿಲ್ಲವಾ, ಸುಮ್ನ ಯಾಕ ರೊಕ್ಕ ಹಾಳು ಮಾಡ್ತಿ." ಹತ್ತು ತಿಂಗಳಿಗೆ ಆಕಿ ತಾನ, "ನನಗ ಬ್ಯಾಡವ್ವಾ" ಅಂದ್ಲು. ಪೇಟಿ ಅಟ್ಟ ಹತ್ತಿತು. ಮುಂದ ಯಾವಾಗರ ಚಿತ್ರಕಲಾ, ನೃತ್ಯ ಅಂದ್ರ ಆಕೀನ ಹೇಳಾಕಿ, "ಬ್ಯಾಡ, ನಾ ಅರ್ಧಕ್ಕ ಬಿಡೂ ಪೈಕಿ." ಹನ್ನೊಂದು ವರ್ಷದ ಹುಡುಗಿ ತನ್ನ ಬಗ್ಗೆ ಹಂಗ ಹೇಳಬೇಕಾದ್ರ ನಾವು ಎಷ್ಟ ಸಲ ಅಂದಿರಬೇಕು ನೋಡ್ರಿ.

ಆಮ್ಯಾಲೆ ಒಂದು ಸೂಟಿಯೊಳಗ ಬೆಂಗಳೂರಿಗೆ ನಮ್ಮ ಮಾವಶಿ ಮಗಳ ಮನಿಗೆ ಹೋಗಿದ್ವಿ. ಅಲ್ಲೆ 88 ಕೀ ಇರೋ ಡಿಜಿಟಲ್ ಪಿಯಾನೋ ಇತ್ತು. ಎಲ್ಲಾರೂ ಊಟಕ್ಕ ಕೂತಾಗ ನಮ್ಮಾಕಿ ಒಳಗ ಹೋಗಿ ಒಂದ ಕೀ ಒತ್ತಕೋತ ಕೂತಿದ್ಲು. ಮೆತ್ತಗ, ಇನ್ನೂ ಮೆತ್ತಗ, ಜೋರಾಗಿ, ಮತ್ತ ಮೆತ್ತಗ. ನಾ ಕರೀಲಿಕ್ಕೆ ಹೋದ್ರ ಹೊಳ್ಳಿ ನೋಡಿ ಹೇಳಿದ್ಲು: "ಅವ್ವಾ, ಇದು ಟೀಚರ್ ಮನೀದರಂಗ ಅದ. ನಮ್ಮದು ಯಾಕ ಹಿಂಗ ಇದ್ದಿಲ್ಲ?" ನನ್ನ ಹತ್ರ ಉತ್ತರ ಇದ್ದಿಲ್ಲ. ಅವತ್ತಿನಿಂದ ಓದಿದೆ, ಕೇಳಿದೆ, ಹುಬ್ಬಳ್ಳಿ ಅಂಗಡಿ ಅಡ್ಡಾಡಿದೆ. ಈಗ ಉತ್ತರ ಅದ.

ಮೊದಲನೇ ಮಾತು ಹೆಸರಿನಾಗ ಅದ. ಸುಮಾರು 1700ರ ಹೊತ್ತಿಗೆ ಇಟಲಿಯ ಫ್ಲಾರೆನ್ಸ್ ಊರಾಗ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಅನ್ನಾಂವ ಈ ವಾದ್ಯ ಮಾಡಿದ. ಅದಕ್ಕಿಂತ ಮೊದಲ ಹಾರ್ಪ್ಸಿಕಾರ್ಡ್ ಅಂತ ಇತ್ತು. ಅದರಾಗ ಕೀ ಒತ್ತಿದ್ರ ಒಂದು ಸಣ್ಣ ಉಗುರು ತಂತಿ ಮೀಟ್ತಿತ್ತು. ನೀವು ಮೆತ್ತಗ ಒತ್ತರಿ, ಗುದ್ದರಿ, ಸಪ್ಪಳ ಹೆಚ್ಚುಕಡಿಮಿ ಅಷ್ಟ. ಕ್ರಿಸ್ತೊಫೊರಿ ಉಗುರಿನ ಬದಲಿ ಸುತ್ತಿಗಿ ಇಟ್ಟ. ಮೆತ್ತಗ ಒತ್ತಿದ್ರ ಸುತ್ತಿಗಿ ತಂತಿಗೆ ಮೆತ್ತಗ ಬಡೀತದ, ಜೋರಾಗಿ ಒತ್ತಿದ್ರ ಜೋರಾಗಿ. ಅದಕ್ಕ ಅದಕ್ಕ 'ಪಿಯಾನೋ ಎ ಫೋರ್ಟೆ' ಅಂತ ಹೆಸರು ಬಿತ್ತು, ಅಂದ್ರ 'ಮೆತ್ತಗ ಮತ್ತು ಜೋರಾಗಿ'. ಪಿಯಾನೋ ಅನ್ನೋ ಶಬ್ದದ ಅರ್ಥನ 'ಮೆತ್ತಗ'. ಈಗ ಹೇಳ್ರಿ, ಹೆಂಗ ಒತ್ತಿದ್ರೂ ಒಂದ ಸಪ್ಪಳ ಬರೋ ಪೇಟಿ ಕೊಟ್ಟು "ಪಿಯಾನೋ ಕಲಿ" ಅಂದ್ರ ಏನು ಕಲೀಬೇಕು ಆ ಕೂಸು? ಮುನ್ನೂರು ವರ್ಷದ ಹಿಂದಿನ ಹಾರ್ಪ್ಸಿಕಾರ್ಡಿಗೆ ಕಳಿಸಿದಂಗ ಆತು ಆಕಿನ್ನ.

ಡಿಜಿಟಲ್ ಪೇಟಿಯೊಳಗ ತಂತಿ ಇಲ್ಲ, ಸುತ್ತಿಗಿ ತಂತಿಗೆ ಬಡಿಯೋದಿಲ್ಲ. ಹಂಗಾರ ಅದಕ್ಕ ಹೆಂಗ ಗೊತ್ತಾಗ್ತದ? ಸ್ಪರ್ಶ ಗುರುತಿಸೋ ಪೇಟಿಯೊಳಗ ಕೀ ಕೆಳಗ ಕಡಿಮಿ ಅಂದ್ರ ಎರಡು ಸಂಪರ್ಕ ಇರ್ತಾವ. ಕೀ ಇಳಿಯೋವಾಗ ಮೊದಲ ಒಂದು ಮುಟ್ತದ, ಆಮ್ಯಾಲೆ ಇನ್ನೊಂದು. ನಡುವಿನ ವ್ಯಾಳ್ಯಾ ಎಷ್ಟು ಅಂತ ಒಳಗಿನ ಯಂತ್ರ ಎಣಸ್ತದ. ಲಗೂನ ಇಳದ್ರ ಜೋರು, ಸಾವಕಾಶ ಇಳದ್ರ ಮೆತ್ತಗ. ಅದನ್ನ 1ರಿಂದ 127ರ ತನಕ ಅಂಕಿಯೊಳಗ ಬರಕೋತದ. ನಮ್ಮ ಏಳೂವರಿ ಸಾವಿರದ ಪೇಟಿಯೊಳಗ ಇದು ಇದ್ದೇ ಇದ್ದಿಲ್ಲ. ಮನಿ ಗಂಟಿ ಇದ್ದಂಗ: ಒತ್ತಿದ್ರ ಟ್ರಿಂಗ್, ಬಿಟ್ರ ಬಂದ್. ನಮ್ಮ ಹುಡುಗಿ ಹತ್ತು ತಿಂಗಳು ಮನಿ ಗಂಟಿ ಬಾರಿಸಿದ್ಲು.

ಎರಡನೇದು ಕೀ ಭಾರ. ಖರೆ ಪಿಯಾನೋದಾಗ ಕೀ ಒತ್ತಿದ್ರ ಹಿಂದ ಕಟ್ಟಿಗಿ ಸುತ್ತಿಗಿ ಏಳಬೇಕು, ಅದರ ಭಾರ ಬೆರಳಿಗೆ ತಿಳೀತದ. ಎಡಗಡೆ ದಪ್ಪ ಸ್ವರದ ಕೀ ಒಂದೀಟು ಭಾರ, ಬಲಗಡೆ ಹೋದಂಗ ಹಗುರ. ಛಲೋ ಡಿಜಿಟಲ್ ಪಿಯಾನೋದಾಗ ಇದರ ಸಲುವಾಗೇ ಒಳಗ ಸಣ್ಣ ತೂಕದ ಸುತ್ತಿಗಿ ಕೂಡಿಸಿರ್ತಾರ. ಸಪ್ಪಳ ಮಾಡಲಿಕ್ಕಲ್ಲ, ಬೆರಳಿಗೆ ಭಾರ ಕೊಡಲಿಕ್ಕೆ. ಇದಕ್ಕ 'ಹ್ಯಾಮರ್ ಆ್ಯಕ್ಷನ್' ಇಲ್ಲಾ 'ವೇಟೆಡ್' ಅಂತಾರ. ಸಾದಾ ಕೀಬೋರ್ಡಿನ ಕೀ ಒಳಗ ಬರೇ ಸ್ಪ್ರಿಂಗು. ರೊಟ್ಟಿ ಬಡಿಯೋವ್ರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮೈದಾ ಹಿಟ್ಟು ಕೊಟ್ಟು ಲಟ್ಟಿಸೋದು ಕಲಿಸಿ, ಒಂದು ವರ್ಷ ಆದ ಮ್ಯಾಲ ಜ್ವಾಳದ ಹಿಟ್ಟಿನ ಮುಂದ ಕೂಡಿಸಿ "ಬಡಿ ಈಗ" ಅಂದ್ರ? ಮೈದಾ ಎಳದಂಗ ಬರ್ತದ, ಜ್ವಾಳ ಅಂಚು ಒಡೀತದ. ಅಂಗೈಗೆ ಅಷ್ಟ ಭಾರ, ಅಷ್ಟ ಹಗುರ ಅನ್ನೋದು ಜ್ವಾಳದ ಹಿಟ್ಟಿನ ಮ್ಯಾಲ ಕೈ ಇಟ್ರ ಮಾತ್ರ ತಿಳೀತದ. ಹರದ ರೊಟ್ಟಿ ನೋಡಿ "ಈಕಿ ಕೈಯಾಗ ಅಡಗಿ ಇಲ್ಲ" ಅಂದ್ರ ಅದು ಯಾರ ತಪ್ಪು?

ಈಗ "ಪೇಟಿ ಅದ ಅಲ್ಲ" ಅನ್ನೋ ಮಾತಿಗೆ ಬರ್ತೇನಿ. ನಮ್ಮ ಕಡೆ ಎಲ್ಲಾ ಮನ್ಯಾಗ ಒಂದು ಹಾರ್ಮೋನಿಯಂ ಇರ್ತದ. ಅದಕ್ಕ ಅವಮಾನ ಮಾಡೂದಿಲ್ಲ ನಾ. ಅದರ ಮ್ಯಾಲೇ ಸರಿಗಮ ಕಲತಾಕಿ. ಆದ್ರ ಅದು ಗಾಳಿ ವಾದ್ಯ. ಪ್ಯಾರಿಸಿನ ದೆಬೈನ್ 1840ರಾಗ ಪೇಟೆಂಟ್ ತಗೊಂಡ ಹಾರ್ಮೋನಿಯಂ ಕಾಲಿನಿಂದ ಗಾಳಿ ಒತ್ತೋದು ಇತ್ತು. ಕಲಕತ್ತಾದ ದ್ವಾರಕಾನಾಥ ಘೋಷ್ ಅವರು 1875ರ ಹೊತ್ತಿಗೆ ಅದನ್ನ ನೆಲದ ಮ್ಯಾಲ ಕೂತು ಎಡಗೈಲೆ ಗಾಳಿ ಹಾಕೋ ಹಂಗ ಮಾಡಿದ್ರು. ಅದರಾಗ ಜೋರು-ಮೆತ್ತಗ ಆಗೋದು ಭಾತಿಯಿಂದ, ಬೆರಳಿನಿಂದ ಅಲ್ಲ. ಎಡಗೈ ಗಾಳಿ ಹಾಕ್ತದ, ಬಲಗೈ ಒಂದ ಬಾರಸ್ತದ. ಪಿಯಾನೋದಾಗ ಎರಡೂ ಕೈ ಬ್ಯಾರೆಬ್ಯಾರೆ ಕೆಲಸ ಮಾಡಬೇಕು. ಹಾರ್ಮೋನಿಯಂದಾಗ ಇರೋದು ಮೂರು, ಮೂರೂವರಿ ಸಪ್ತಕ; ಪಿಯಾನೋದಾಗ ಏಳಕ್ಕೂ ಮ್ಯಾಲ. ಎರಡರ ಮಾರಿ ಒಂದ, ಗುಣ ಬ್ಯಾರೆ. ಹಾರ್ಮೋನಿಯಂದಾಗ ಮೀಂಡ ಬರಂಗಿಲ್ಲ ಅಂತ ಆಕಾಶವಾಣಿಯವ್ರು 1940ರಿಂದ 1971ರ ತನಕ ಅದನ್ನ ಹೊರಗ ಇಟ್ಟಿದ್ರು, ಅಷ್ಟು ಸೂಕ್ಷ್ಮ ನೋಡಿದ ದೇಶ ನಮ್ಮದು. ನಾವು ಮಾತ್ರ "ಎಲ್ಲಾದಕ್ಕೂ ಕರಿ ಬಿಳಿ ಪಟ್ಟಿ ಅವ, ಎಲ್ಲಾ ಒಂದ" ಅಂತೇವಿ.

ಪೇಟಿ ಮಾತು ಬಂತಂದ್ರ ನನ್ನದೂ ಒಂದು ಹೇಳಲೇಬೇಕು. ಸಣ್ಣಾಕಿ ಇದ್ದಾಗ ನನಗ ಕೊಟ್ಟಿದ್ದು ನಮ್ಮ ದೊಡ್ಡಪ್ಪನ ಮನಿಯೊಳಗ ಬ್ಯಾಡಾದ ಹಳೇ ಪೇಟಿ. ಭಾತಿ ಹರದಿತ್ತು, ಗಾಳಿ ಸೋರ್ತಿತ್ತು. ನಾ ಎಷ್ಟ ಒತ್ತಿದ್ರೂ ಸ್ವರ ನಡುವ ಸಾಯ್ತಿತ್ತು. "ಈಕಿ ಕೈಯಾಗ ಜೀವನ ಇಲ್ಲ" ಅಂತಿದ್ರು. ನಮ್ಮಣ್ಣಗ ತಬಲಾ ಬೇಕು ಅಂದಾಗ ಮಿರಜದಿಂದ ಹೊಸಾದ ತರಿಸಿದ್ರು. ನನ್ನ ಪೇಟಿಗೆ ಚರ್ಮದ ತುಂಡು ಅಂಟಸಲಿಕ್ಕೆ ಯಾರಿಗೂ ವ್ಯಾಳ್ಯಾ ಸಿಗಲಿಲ್ಲ. ನಾ ಇದನ್ನ ಮರತಿದ್ದಿಲ್ಲ. ಆದ್ರ ನನ್ನ ಮಗಳಿಗೆ ಅದನ್ನ ಮಾಡಿದೆ, ಅದೂ ಹೊಸಾ ಡಬ್ಬಿಯೊಳಗ, ರಸೀದಿ ಸಮೇತ.

ಇದು ನನ್ನ ಖರೆ ಜಗಳ, ಅಕ್ಕಾರ. ಮಗ ಕ್ರಿಕೆಟ್ ಅಂದ್ರ ಮೊದಲನೇ ದಿವಸಾನ ಬ್ಯಾಟು, ಪ್ಯಾಡು, ಹೆಲ್ಮೆಟ್ಟು. "ಮೊದಲ ತೆಂಗಿನ ಮಟ್ಟಿಲೆ ಆಡು, ಆಡೋದು ಬಂದ್ರ ಬ್ಯಾಟು" ಅಂತ ಯಾರೂ ಅನ್ನಂಗಿಲ್ಲ. ಕೋಚಿಂಗ್ ಕ್ಲಾಸಿಗೆ ಲಕ್ಷಗಟ್ಟಲೆ ಕಟ್ಟಿ, ಅಂವ ಕಲೀತಾನೋ ಇಲ್ಲೋ ಅಂತ ಮೊದಲ ಪರೀಕ್ಷಾ ಮಾಡಂಗಿಲ್ಲ. ಹುಡುಗಿ ಒಂದು ಕೇಳಿದ್ರ "ಮೊದಲ ಕಲತು ತೋರಸು." ತೋರಸಲಿಕ್ಕೆ ಕೊಡೋದು ಸೋರೋ ಪೇಟಿ. ಆಮ್ಯಾಲೆ "ನೋಡ್ರಿ, ನಾ ಹೇಳಿದ್ದಿಲ್ಲಾ?" ನಮ್ಮ ಗಂಡಸರಿಗಷ್ಟ ಅಂತಿಲ್ಲ. ಈ ಮಾತು ಹೆಚ್ಚು ಆಡೋವ್ರು ನಾವ, ಹೆಂಗಸರು. ನಮಗ ಹಂಗ ಆಗಿತ್ತು, ಆಕಿಗೂ ಹಂಗ ಆಗಲಿ ಬಿಡು ಅಂತ.

"ದೊಡ್ಡ ದೊಡ್ಡ ಕಲಾವಿದರು ಏನೂ ಇಲ್ಲದ ಕಲತಾರ" ಅಂತ ಕಾಕು ಅಂತಾರ. ಕಲತಾರ, ಖರೆ. ಅವರ ಹೆಸರು ನಮಗ ಗೊತ್ತದ. ಏನೂ ಇಲ್ಲದ ಅರ್ಧಕ್ಕ ಬಿಟ್ಟವರ ಹೆಸರು ಯಾರು ಬರದಿಡ್ತಾರ? ಆ ಪೈಕಿ ಒಬ್ಬಾಕಿ ನಿಮ್ಮ ಮುಂದ ಮಾತಾಡ್ಲಿಕತ್ತಾಳ.

ಇನ್ನ ಸಿಟ್ಟು ಬದಿಗಿಟ್ಟು ಕೆಲಸದ ಮಾತು ಹೇಳ್ತೇನಿ.

ಮೊದಲ ಹುಡುಗಿಗೆ ಏನು ಬೇಕು ಕೇಳ್ರಿ. ಭಾವಗೀತಿ, ಸಿನೆಮಾ ಹಾಡು, ಹಿಂದ ತಾಳ ಹಾಕ್ಕೊಂಡು ಬಾರಿಸೋದು ಇದ್ರ 61 ಕೀ ಇರೋ ಕೀಬೋರ್ಡ್ ತಗೋರಿ, ಅದಕ್ಕ ಅದು ಬರೋಬ್ಬರಿ. ಅದೂ ಒಂದು ವಿದ್ಯಾ. ಟ್ರಿನಿಟಿ ಕಾಲೇಜ್ ಲಂಡನ್ ಪರೀಕ್ಷಾ ಕಟ್ಟೋವ್ರಿಗೆ ಇಲೆಕ್ಟ್ರಾನಿಕ್ ಕೀಬೋರ್ಡ್ ಬ್ಯಾರೆ ವಿಷಯ, ಪಿಯಾನೋ ಬ್ಯಾರೆ ವಿಷಯ ಅಂತನ ಇಟ್ಟಾರ. ಪರೀಕ್ಷಾದವ್ರಿಗೆ ಗೊತ್ತಿದ್ದದ್ದು ಅಂಗಡಿಯವಗ ಗೊತ್ತಿಲ್ಲಂತಲ್ಲ, ಅವಾ ಹೇಳಂಗಿಲ್ಲ. ಪಿಯಾನೋ ಕ್ಲಾಸಿಗೆ ಹಾಕೀರಿ ಅಂದ್ರ ಮಾತ್ರ ನಾ ಹೇಳೋದು ಕೇಳ್ರಿ.

ಟೋನ್ ಎಣಸಬ್ಯಾಡ್ರಿ. ಮುನ್ನೂರು, ಆರ್ನೂರು ಅನ್ನೋದು ಸೀರಿ ಅಂಗಡಿಯವ ಬಣ್ಣ ತೋರಿಸಿದಂಗ; ಉಡೋದು ಒಂದ. ಕಲಿಯೋವ್ರು ಭಾಳ ತಗೊಂಡ ಯಮಹಾ ಪಿ-45 ಅನ್ನೋದರಾಗ ಇರೋದು ಬರೇ 10 ಟೋನ್. ಅದಕ್ಕ ನಾಯಿ ಬೊಗಳೋದು ಬರಂಗಿಲ್ಲ. ರೊಕ್ಕ ಎಲ್ಲಾ ಕೀ ಒಳಗ ಹಾಕ್ಯಾರ. ಪಿ-145, ಕ್ಯಾಸಿಯೋದ ಸಿಡಿಪಿ-ಎಸ್110, ರೋಲ್ಯಾಂಡಿನ ಎಫ್‌ಪಿ-10, ಇವೂ ಇದ ಪೈಕಿ: 88 ಕೀ, ಸುತ್ತಿಗಿ ಭಾರ, ಟೋನ್ ಕಡಿಮಿ. ಯಾವುದು ಛಲೋ ಅಂತ ನಾ ಹೇಳಂಗಿಲ್ಲ, ಬೆರಳಿಟ್ಟು ನೋಡ್ರಿ, ಅವತ್ತಿನ ಬೆಲಿ ಕೇಳ್ರಿ.

ಅಂಗಡಿಗೆ ಹೋಗೋವಾಗ ಹೊಲಿಗಿ ಮಷೀನಿನ ಡ್ರಾವರಿನ್ಯಾಗಿನ ಟೇಪ್ ತಗೊಂಡು ಹೋಗ್ರಿ. ಅಕ್ಕಪಕ್ಕದ ಏಳು ಬಿಳಿ ಕೀ ಅಳೀರಿ. ಸುಮಾರು 16 ಸೆಂಟಿಮೀಟರ್ ಮ್ಯಾಲ ಅರ್ಧಾ ಇರಬೇಕು. ಅದಕ್ಕಿಂತ ಭಾಳ ಕಡಿಮಿ ಬಂದ್ರ ಅದು ಆಟದ್ದು, ಮಿನಿ ಕೀ. "ಸಣ್ಣ ಕೈಗೆ ಸಣ್ಣ ಕೀ ಛಲೋ" ಅಂತ ಅಂಗಡಿಯವ ಅಂದ್ರ ನಂಬಬ್ಯಾಡ್ರಿ. ಟೀಚರ್ ಮನಿ ಪಿಯಾನೋ ಹುಡುಗಿ ಕೈ ನೋಡಿ ಸಣ್ಣ ಆಗಂಗಿಲ್ಲ. ಕಣ್ಣು ಮುಚ್ಚಿ ಬೆರಳು ಜಿಗಿಯೋ ಅಂತರ ಇಲ್ಲೆ ಒಂದು, ಅಲ್ಲೆ ಒಂದು ಆಗ್ತದ.

ಆಮ್ಯಾಲೆ ಒಂದ ಕೀ ಹತ್ತು ಸಲ ಒತ್ತರಿ, ಮೆತ್ತಗಿಂದ ಜೋರಿನ ತನಕ. ಹತ್ತು ನಮೂನಿ ಸಪ್ಪಳ ಬರಬೇಕು. ಒಂದ ನಮೂನಿ ಬಂದ್ರ "ಟಚ್ ರೆಸ್ಪಾನ್ಸ್ ಬಂದ್ ಇಟ್ಟೀರೇನು?" ಅಂತ ಕೇಳ್ರಿ, ಒಮ್ಮೊಮ್ಮೆ ಬಂದ್ ಇರ್ತದ. ಚಾಲೂ ಮಾಡಿದ್ರೂ ಬದಲಿ ಆಗದಿದ್ರ ನಮಸ್ಕಾರ ಮಾಡಿ ಎದ್ದು ಬರ್ರಿ. 'ಸೆಮಿ ವೇಟೆಡ್' ಅಂದ್ರ ಸ್ಪ್ರಿಂಗಿಗೆ ಒಂದೀಟು ಬಿಗಿ ಹಾಕಿದ್ದು, ಸುತ್ತಿಗಿ ಅಲ್ಲ. ಆ ಶಬ್ದಕ್ಕ ರೊಕ್ಕ ಕೊಡಬ್ಯಾಡ್ರಿ.

ಕಾಲಿನ ಪೆಡಲ್ ಹಚ್ಚಲಿಕ್ಕೆ ಹಿಂದ ತೂತು ಅದನೋ ಇಲ್ಲೋ ನೋಡ್ರಿ. ಪೆಡಲ್ ಒತ್ತಿದಾಗ ಸ್ವರ ಒಂದರ ಮ್ಯಾಲೊಂದು ನಿಲ್ಲತಾವ. ಒಮ್ಮೆಲೆ ಎಷ್ಟು ಸ್ವರ ಹಿಡೀತದ ಅನ್ನೋದಕ್ಕ ಪಾಲಿಫೋನಿ ಅಂತಾರ. 64 ಇದ್ರ ಮೊದಲಿಗೆ ಸಾಕು. ಡಬ್ಬಿ ಜೋಡಿ ಬರೋ ಚೌಕೋನ ಪೆಡಲ್ ಫರಸಿ ಮ್ಯಾಲ ಜಾರ್ತದ, ಕೆಳಗ ಒಂದು ಹಳೇ ಯೋಗಾ ಚಾಪಿ ತುಂಡು ಹಾಕ್ರಿ. ಹೆಡ್‌ಫೋನ್ ತೂತೂ ಇರಬೇಕು. ಮಾವನವ್ರ ಸುದ್ದಿ, ಅತ್ತಿಯವ್ರ ಧಾರಾವಾಹಿ, ಪಕ್ಕದ ಮನಿ ಪರೀಕ್ಷಾ, ಯಾವುದಕ್ಕೂ ಹುಡುಗಿ ಅಭ್ಯಾಸ ನಿಲ್ಲಬಾರದು. ಕಿವಿಗೆ ಹಚ್ಚಿಕೊಂಡ್ರ ಮನಿ ಪೂರಾ ಶಾಂತ, ಟಕಟಕ ಕೀ ಸಪ್ಪಳ ಅಷ್ಟ.

ಎತ್ತರದ್ದು ಯಾರೂ ಹೇಳಂಗಿಲ್ಲ, ನಾ ಹೇಳ್ತೇನಿ. ಖರೆ ಪಿಯಾನೋದ ಬಿಳಿ ಕೀ ನೆಲದಿಂದ ಸುಮಾರು 70 ಸೆಂಟಿಮೀಟರಿಗೆ ಒಂದೀಟು ಮ್ಯಾಲ ಇರ್ತಾವ. ನಮ್ಮ ಊಟದ ಟೇಬಲ್ಲ ಅಷ್ಟು ಎತ್ತರ. ಅದರ ಮ್ಯಾಲ ಪೇಟಿ ಇಟ್ರ ಹುಡುಗಿ ಭುಜ ಕಿವಿಗೆ ಹತ್ತತಾವ. ಮಂಚದ ಮ್ಯಾಲ ಚಕ್ಕಳಮಕ್ಕಳ ಹಾಕಿ ಕೂತ್ರ ಮಣಿಕಟ್ಟು ಮುರದಂಗ ಬಾಗತದ. ಸ್ಟ್ಯಾಂಡ್ ತಗೋರಿ, ಅಲಗಾಡದ್ದು. ಕೂತಾಗ ಮೊಣಕೈ ಕೀ ಸಮಕ್ಕ ಬರಬೇಕು. ಕುರ್ಚಿ ತಗ್ಗಾದ್ರ ಮಡಚಿದ ಕೌದಿ ಹಾಕ್ರಿ, ಕಾಲು ನೆಲ ಮುಟ್ಟದಿದ್ರ ಮಣಿ ಇಡ್ರಿ. ಇದಕ್ಕೆಲ್ಲಾ ರೊಕ್ಕ ಬ್ಯಾಡ, ಕಣ್ಣು ಬೇಕು.

"ಹಂಗಾರ ಹಳೇ ಕಟ್ಟಿಗಿ ಪಿಯಾನೋನ ತಗೋತೇವಿ" ಅಂತ ಹೊಂಟೀರಿ ಗಿಂಟೀರಿ. ಅದರಾಗ ಸುಮಾರು 230 ತಂತಿ ಇರ್ತಾವ. ನಮ್ಮ ಮಳಿಗಾಲದ ಥಂಡಿಗೆ ಕಟ್ಟಿಗಿ ಉಬ್ಬತದ, ಬ್ಯಾಸಗಿಗೆ ಒಣಗತದ, ಸ್ವರ ಇಳೀತದ. ಸುತಿ ಕೂಡಸೋವ್ರು ನಮ್ಮ ಓಣ್ಯಾಗ ಎಲ್ಲೆ ಸಿಗಬೇಕು? ಡಿಜಿಟಲ್‌ಗೆ ಸುತಿ ಕೂಡಸೂ ಗೋಜಿಲ್ಲ. ತೂಕ 10ರಿಂದ 12 ಕಿಲೋ, ಇಬ್ಬರು ಎತ್ತಿ ಬ್ಯಾರೆ ಖೋಲಿಗೆ ಇಡಬಹುದು. ಕಲಿಯೋ ಮನಿಗೆ ಅದ ಬರೋಬ್ಬರಿ.

ಇನ್ನ ರೊಕ್ಕ. ಹೊಸಾ 88 ಕೀದು ನಲವತ್ತು-ಐವತ್ತು ಸಾವಿರದ ಸುತ್ತ ಬರ್ತದ, ಸಣ್ಣ ಮಾತಲ್ಲ. ಎಲ್ಲಾರ ಮನ್ಯಾಗ ಆಗಂಗಿಲ್ಲ, ಅದು ನನಗೂ ಗೊತ್ತದ. ನಮ್ಮ ಮನ್ಯಾಗೂ ಆಗಲಿಲ್ಲ. ಅದಕ್ಕ ಮೂರು ದಾರಿ ಹೇಳ್ತೇನಿ. ಒಂದು, ಹಳೇದು ಹುಡುಕ್ರಿ. ಮಂದಿ ಊರು ಬಿಡೋವಾಗ, ಹುಡುಗರು ಕಾಲೇಜಿಗೆ ಹೋದಾಗ ಮಾರತಾರ. 88 ಕೀನೂ ಒಂದೊಂದಾಗಿ ಒತ್ತಿ ನೋಡ್ರಿ. ಯಾವುದರ ಕೀ ಮೆತ್ತಗ ಒತ್ತಿದ್ರೂ ಧಡ್ ಅಂದ್ರ, ಇಲ್ಲಾ ಒಳಗ ಟಕ್ಕಂತ ಸಪ್ಪಳ ಬಂದ್ರ ಬ್ಯಾಡ. ಎರಡು, ಹಳೇದೂ ಆಗದಿದ್ರ 61 ಕೀದ್ದ ತಗೋರಿ, ಆದ್ರ ಪೂರ್ತಿ ಅಗಲದ ಕೀ, ಸ್ಪರ್ಶಕ್ಕ ಸಪ್ಪಳ ಬದಲಿ ಆಗೂವಂಥಾದ್ದು, ಇವೆರಡು ಬಿಡಬ್ಯಾಡ್ರಿ. ಮೊದಲನೇ ವರ್ಷದ ಪಾಠಕ್ಕ 61 ಹೆಚ್ಚುಕಡಿಮಿ ಸಾಕಾಗ್ತಾವ. ಕೀ ಎಣಿಕಿ ಕಡಿಮಿ ಇದ್ರ ಮುಂದ ಬೆಳಸಬಹುದು, ಸ್ಪರ್ಶ ಇರದಿದ್ರ ಬೆರಳ ಬೆಳ್ಯಂಗಿಲ್ಲ. ಮತ್ತ ಟೀಚರಿಗೆ ಮೊದಲ ಹೇಳಿಬಿಡ್ರಿ, "ಮನ್ಯಾಗ ಇಂಥಾದ್ದು ಅದ, ಕೈ ಭಾರ ಬರದಿದ್ರ ಹುಡುಗಿಗೆ ಬೈಬ್ಯಾಡ್ರಿ" ಅಂತ. ಈ ಒಂದು ಮಾತು ನಾ ಅವತ್ತ ಹೇಳಿದ್ರ! ಮೂರು, ಎರಡೂ ಆಗದಿದ್ರ ನಾಕು ತಿಂಗಳು ತಡೀರಿ. ಆರು ಸಾವಿರ ಹಾಕಿ ತಪ್ಪು ತರೋದಕ್ಕಿಂತ ಆ ಆರು ಸಾವಿರ ಬ್ಯಾರೆ ಡಬ್ಬಿಯೊಳಗ ಇಡ್ರಿ, ಪ್ರತಿ ತಿಂಗಳ ಭೀಶಿಗೆ ಹಾಕಿದಂಗ ಹಾಕ್ರಿ. ಅಲ್ಲೀ ತನಕ ಟೀಚರ್ ಮನ್ಯಾಗ ಅರ್ಧಾ ತಾಸು ಹೆಚ್ಚು ಕೂಡಸ್ರಿ.

ಅಗ್ಗದ್ದು ಅಗ್ಗ ಅಲ್ಲ. ನಮ್ಮ ಏಳೂವರಿ ಸಾವಿರ ಹೋತು, ಹತ್ತು ತಿಂಗಳ ಫೀ ಹೋತು, ಅಟ್ಟ ಹತ್ತಿದ ಪೇಟಿ ಕಡೀಕ ಎಂಟ್ನೂರಕ್ಕ ಕೊಟ್ವಿ. ಇದು ಲೆಕ್ಕಕ್ಕ ಸಿಗೋದು. ಆಕಿ ತನ್ನ ಬಗ್ಗೆ ಹೇಳಿಕೊಂಡ ಮಾತಿಗೆ ಏನು ಬೆಲಿ ಕಟ್ಟಲಿ?

ಹೋದ ವರ್ಷ ಒಬ್ಬರು ವರ್ಗ ಆಗಿ ಹೊಂಟಿದ್ರು, ಅವರ ಹತ್ರ ಹಳೇ 88 ಕೀದು ತಗೊಂಡ್ವಿ. ನನ್ನ ಎರಡು ವರ್ಷದ ಭೀಶಿ ರೊಕ್ಕ. ನಮ್ಮಾಕಿಗೆ ಈಗ ಹದಿಮೂರು. ಒಮ್ಮೆಲೆ ಸರಸ್ವತಿ ಬಂದು ಕೂತ್ಲು ಅಂತ ಹೇಳಂಗಿಲ್ಲ. ಎರಡು ವರ್ಷ ಬಿಟ್ಟ ಕೈ, ಮೊದಲಿಂದ ಶುರು ಮಾಡ್ಯಾಳ. ಇನ್ನೂ ತಪ್ಪತಾಳ, ಬೇಜಾರ ಮಾಡ್ಕೋತಾಳ. ಆದ್ರ ಈಗ ತಪ್ಪಿದ್ರ ಯಾಕ ತಪ್ಪಿತು ಅಂತ ಆಕಿಗೇ ಕೇಳಸ್ತದ, ತಾನ ತಿದ್ದಿಕೋತಾಳ. ನಮ್ಮ ಮನಿಗಳಾಗ ಹುಡುಗರ ಮುಂದ ತಪ್ಪಾತು ಅನ್ನೋ ರೂಢಿ ಇಲ್ಲ. ನಾ ಅಂದೆ. "ಅವಾಗ ಬೈದಿದ್ದೆ ನೋಡು, ಅದು ನಿನ್ನ ತಪ್ಪಲ್ಲ, ಪೇಟೀದು, ನಂದು" ಅಂತ. ಆಕಿ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, "ಏನಂದಿ?" ಅಂದ್ಲು. ಇನ್ನೊಮ್ಮೆ ಹೇಳಬೇಕಾತು. ಎರಡನೇ ಸಲ ಹೇಳೋದು ಇನ್ನೂ ಕಠಿಣ.

ವೈನಿ, ನಿಮ್ಮ ಆರ್ಡರ್ ಇನ್ನೂ ಬಂದಿರಲಿಕ್ಕಿಲ್ಲ. ರದ್ದು ಮಾಡ್ರಿ. ಐತವಾರ ಮಗಳನ್ನ ಕರಕೊಂಡು ನಮ್ಮ ಮನಿಗೆ ಬರ್ರಿ, ಆಕಿ ನಮ್ಮದರ ಮ್ಯಾಲ ಬೆರಳಿಟ್ಟು ನೋಡಲಿ. ಆಮ್ಯಾಲೆ ಕೂಡಿ ಹುಬ್ಬಳ್ಳಿಗೆ ಹೋಗೂಣು, ಟೇಪ್ ನಾ ತರ್ತೇನಿ. ಕಾಕು, ನೀವೂ ಬರ್ರಿ. ಕೈಯಾಗ ಸಂಗೀತ ಅದನೋ ಇಲ್ಲೋ ಅಂತ ಹೇಳೋದು ಮಾತ್ರ ಎರಡು ವರ್ಷ ಬಿಟ್ಟು ಹೇಳ್ರಿ.